ಹೊಸ ಕಾರಿನಲ್ಲಿ ದೋಷ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾಲ್ಕು ತಿಂಗಳ ಹಿಂದೆ ಹನ್ನೆರಡು ಲಕ್ಷ ಕೊಟ್ಟು ಪೆಟ್ರೋಲ್ ಕಾರು ಕೊಂಡೆ. ಮೂರು ಸಾವಿರ ಕಿ.ಮೀ. ಆಗುವಷ್ಟರಲ್ಲೇ, ಟ್ರಾಫಿಕ್‌ನಲ್ಲಿ ನಿಧಾನ ಮಾಡಿದಾಗ ಎಂಜಿನ್ ಇದ್ದಕ್ಕಿದ್ದಂತೆ ಆಫ್ ಆಗತೊಡಗಿತು. ಐದು ಸಲ ಸರ್ವೀಸ್ ಸೆಂಟರ್‌ಗೆ ಒಯ್ದೆ. ಎರಡು ಸಲ ‘ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ದೇವೆ’ ಎಂದರು, ಮೂರು ಸಲ ‘ನಮ್ಮ ಟ್ರಯಲ್‌ನಲ್ಲಿ ಏನೂ ಕಾಣಲಿಲ್ಲ’ ಎಂದು ವಾಪಸ್ ಕೊಟ್ಟರು. ಬೇರೆ ಹೊಸ ಕಾರನ್ನೇ ಕೊಡಿ ಎಂದು ಕೇಳಬಹುದೇ?

ಉತ್ತರ: ಕೇಳಬಹುದು. ದೋಷ ಸರಿಪಡಿಸಿ, ಬೇರೆ ಕಾರು ಕೊಡಿ, ಹಣ ಬಡ್ಡಿಸಮೇತ ಹಿಂದಿರುಗಿಸಿ, ಪರಿಹಾರ ಕೊಡಿ – ಇವುಗಳಲ್ಲಿ ಯಾವ ಆದೇಶವನ್ನಾದರೂ ಮಾಡುವ ಅಧಿಕಾರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನಡಿ ಗ್ರಾಹಕ ಆಯೋಗಕ್ಕಿದೆ. ಆದರೆ ಇಡೀ ಕಾರು ಬದಲಿಸಿಕೊಡಿ ಎಂಬ ಆದೇಶ ಸುಲಭಕ್ಕೆ ಸಿಗದು. ವಾರಂಟಿ ಬಿಡಿಭಾಗದ ರಿಪೇರಿ ಅಥವಾ ಬದಲಾವಣೆಗಷ್ಟೇ ಸೀಮಿತವಾಗಿದ್ದ ಪ್ರಕರಣವೊಂದರಲ್ಲಿ, ದೋಷವಿದ್ದ ಭಾಗ ಬದಲಿಸಿದರೆ ಸಾಕು, ಕಾರನ್ನೇ ಬದಲಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತ್ತು. ಹಾಗಾಗಿ ರಿಪೇರಿಗೆ ಸಾಕಷ್ಟು ಅವಕಾಶ ಕೊಟ್ಟರೂ ಅದೇ ದೋಷ ಮರುಕಳಿಸಿತು ಎಂದು ನೀವು ತೋರಿಸಬೇಕು. ಅದನ್ನು ತೋರಿಸುವ ಕಾಗದ ಜಾಬ್ ಕಾರ್ಡ್, ಅಂದರೆ ಪ್ರತಿ ಭೇಟಿಯಲ್ಲೂ ನಿಮ್ಮ ದೂರು ಮತ್ತು ಮಾಡಿದ ಕೆಲಸ ಬರೆದು ಸರ್ವೀಸ್ ಸೆಂಟರ್ ಕೊಡುವ ಚೀಟಿ.

ಐದೂ ಜಾಬ್ ಕಾರ್ಡ್ ಹೊರತೆಗೆದು ಗ್ರಾಹಕರ ದೂರು ಬರೆಯುವ ಕಾಲಂ ನೋಡಿ. ಅಲ್ಲಿ ‘ಜನರಲ್ ಚೆಕಪ್’ ಎಂದಿದ್ದರೆ ಆ ಭೇಟಿ ನಿಮ್ಮ ನೆರವಿಗೆ ಬರುವುದಿಲ್ಲ. ‘ಓಡುತ್ತಿರುವಾಗ ಎಂಜಿನ್ ಆಫ್ ಆಗುತ್ತದೆ, ಇದೇ ದೂರು ಹಿಂದೆ ಇಂಥ ದಿನವೂ ಕೊಟ್ಟಿದೆ’ ಎಂದು ನಿಮ್ಮ ಮಾತಿನಲ್ಲೇ ಬರೆಸಿ. ಬರೆಯದಿದ್ದರೆ ಸಹಿ ಮಾಡಬೇಡಿ. ಕಾರು ಒಳಗೆ ಹೋದ ಮತ್ತು ಹೊರಬಂದ ದಿನಾಂಕ, ಕಿಲೋಮೀಟರ್, ಮಾಡಿದ ಕೆಲಸ, ಹಾಕಿದ ಭಾಗ ಎಲ್ಲವೂ ಅದರಲ್ಲಿರಲಿ. ‘ಸಣ್ಣ ಕೆಲಸ, ಕಾರ್ಡ್ ಬೇಡ ಬಿಡಿ ಸಾರ್’ ಎಂದರೆ ಒಪ್ಪಲೇಬೇಡಿ. ಕಾರ್ಡ್ ಇಲ್ಲದ ಭೇಟಿ ಈಗಾಗಲೇ ಆಗಿದ್ದರೆ, ಅಂದು ನಡೆದದ್ದನ್ನು ಇವತ್ತೇ ಇಮೇಲ್ ಬರೆದು ದಾಖಲಿಸಿ.

‘ಏನೂ ಕಾಣಲಿಲ್ಲ’ ಎನ್ನುವುದು ಎಲ್ಲ ಸಲವೂ ಸುಳ್ಳಲ್ಲ. ಉದಾಹರಣೆಗೆ ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್‌ಶಾಫ್ಟ್ ಸೆನ್ಸರ್ ಕೆಟ್ಟಿದ್ದರೆ ಹಲವು ಬಾರಿ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲಷ್ಟೇ ಕೈಕೊಡುತ್ತದೆ, ತಣ್ಣಗಾದರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಹತ್ತು ನಿಮಿಷದ ಟ್ರಯಲ್‌ನಲ್ಲಿ ಅದು ಸಿಗುವುದು ಕಷ್ಟ. ಎಂಜಿನ್ ಬಿಸಿಯಿತ್ತೇ, ಎಸಿ ಆನ್ ಇತ್ತೇ, ವೇಗವೆಷ್ಟು, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು ಎಂದು ಪ್ರತಿ ಸಲ ಬರೆದಿಡಿ. ಪಕ್ಕದಲ್ಲಿ ಕೂತವರು ಡ್ಯಾಶ್‌ಬೋರ್ಡ್ ದೀಪಗಳ ವಿಡಿಯೋ ಮಾಡಲಿ. ಮುಂದಿನ ಸಲ ಸ್ಕ್ಯಾನರ್ ಹಾಕಿದಾಗ ಫಾಲ್ಟ್ ಕೋಡ್ (ಕಾರಿನ ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಸಂಕೇತ) ಅಳಿಸುವ ಮೊದಲು ಅದರ ಪ್ರಿಂಟ್ ಅಥವಾ ಫೋಟೋ ಪಡೆಯಿರಿ. ಕೋಡ್ ಬಿದ್ದ ಕ್ಷಣದ ವೇಗ, ಆರ್‌ಪಿಎಂ, ತಾಪಮಾನ ಕೋಡಿನ ಜತೆಗೆ ಉಳಿದಿರುತ್ತವೆ. ಕೋಡ್ ಅಳಿಸಿದರೆ ಅವೂ ಹೋಗುತ್ತವೆ.

ಇನ್ನೊಂದು ಮಾತು. ಎಂಜಿನ್ ನಿಂತ ಮೇಲೆ, ಪೆಡಲ್ ಹಗುರಾಗಿಸುವ ಬ್ರೇಕ್ ಬೂಸ್ಟರ್‌ನಲ್ಲಿ ಉಳಿದ ನಿರ್ವಾತದಿಂದ ಒಂದೆರಡು ಸಲ ಮಾತ್ರ ಬ್ರೇಕ್ ಸರಿಯಾಗಿ ಹಿಡಿಯುತ್ತದೆ, ಆಮೇಲೆ ಪೆಡಲ್ ಕಲ್ಲಿನಂತಾಗುತ್ತದೆ. ಹೀಗಾದಾಗ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತದೆ ಒಂದೇ ಸಮನೆ ಒತ್ತಿ ಹಿಡಿಯಿರಿ. ದೋಷ ಸಿಗುವವರೆಗೆ ಈ ಕಾರನ್ನು ಹೆದ್ದಾರಿಗೆ ಒಯ್ಯಲೇಬೇಡಿ. ದೋಷವಿದೆ ಎನ್ನುತ್ತಲೇ ಇಪ್ಪತ್ತು ಸಾವಿರ ಕಿ.ಮೀ. ಓಡಿಸಿದ್ದರೆ ಎದುರು ಪಕ್ಷ ಅದನ್ನೇ ನಿಮ್ಮ ವಿರುದ್ಧ ಹಿಡಿಯುತ್ತದೆ.

ಈಗ ಡೀಲರ್ ಮತ್ತು ತಯಾರಕ ಕಂಪನಿ ಇಬ್ಬರಿಗೂ ಸ್ಪೀಡ್ ಪೋಸ್ಟ್ ಮತ್ತು ಇಮೇಲ್ ಮೂಲಕ ನೋಟಿಸ್ ಕಳಿಸಿ, 15 ದಿನ ಗಡುವು ಕೊಡಿ. ಒಬ್ಬರಿಗೇ ಬರೆದರೆ ಮತ್ತೊಬ್ಬರ ಕಡೆ ಬೆರಳು ತೋರಿಸಿ ಕೂರುತ್ತಾರೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಡಿ, ಕನ್ನಡದಲ್ಲೇ ಮಾತನಾಡಬಹುದು. ಅಲ್ಲಿ ರಾಜಿಗೆ ಪ್ರಯತ್ನಿಸುತ್ತಾರೆಯೇ ಹೊರತು ಆದೇಶ ಕೊಡುವ ಅಧಿಕಾರ ಅವರಿಗಿಲ್ಲ.

ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಅಲ್ಲೇ ದೂರು. ಕಾರು ಎಲ್ಲೇ ಕೊಂಡಿರಲಿ, ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದಾಖಲಿಸಬಹುದು. 10ರಿಂದ 20 ಲಕ್ಷದ ಖರೀದಿಗೆ ಶುಲ್ಕ 400 ರೂಪಾಯಿ. ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ನೀವೇ ಸಲ್ಲಿಸಬಹುದು. ಕಾಲಮಿತಿ ಎರಡು ವರ್ಷ. ‘ಮುಂದಿನ ಸರ್ವೀಸ್‌ನಲ್ಲಿ ನೋಡೋಣ’ ಎಂಬ ಮಾತು ನಂಬಿ ಅದನ್ನು ಕಳೆದುಕೊಳ್ಳಬೇಡಿ.

ದೂರಿನಲ್ಲಿ ಡೀಲರ್, ತಯಾರಕ ಇಬ್ಬರನ್ನೂ ಎದುರು ಪಕ್ಷ ಮಾಡಿ. ಕಾರು ಬದಲಿಸಿ ಅಥವಾ ಹಣ ಹಿಂದಿರುಗಿಸಿ, ಅದು ಆಗದಿದ್ದರೆ ದೋಷದ ಭಾಗ ಉಚಿತವಾಗಿ ಬದಲಿಸಿ ವಾರಂಟಿ ವಿಸ್ತರಿಸಿ, ಪರಿಹಾರ ಕೊಡಿ ಎಂದು ಪರ್ಯಾಯ ಬೇಡಿಕೆಯನ್ನೂ ಸೇರಿಸಿ. ತಾಂತ್ರಿಕ ಪರೀಕ್ಷೆ ಮಾಡಿಸಿ ಎಂಬ ಅರ್ಜಿಯನ್ನು ಜತೆಗೇ ಹಾಕಿ. ತಯಾರಿಕಾ ದೋಷದ ಪ್ರಕರಣಗಳು ಬಿದ್ದುಹೋಗುವುದು ಹೆಚ್ಚಾಗಿ ತಜ್ಞರ ವರದಿ ಇಲ್ಲದೆ. ಪರೀಕ್ಷೆ ಬೇಕಾದ ದೂರು ಐದು ತಿಂಗಳಲ್ಲಿ ಮುಗಿಯಬೇಕು ಎಂದು ಕಾಯ್ದೆ ಹೇಳಿದರೂ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ, ಆ ತಯಾರಿ ಇರಲಿ.

ಪ್ರಶ್ನೆ: ಹೊಸ ಕಾರಿನ ಹಿಂಬಾಗಿಲ ಬಣ್ಣ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಪೆಟ್ಟು ಬಿದ್ದ ಕಾರು ಕೊಟ್ಟರೇ ಎಂಬ ಅನುಮಾನ. ಪತ್ತೆ ಹೇಗೆ?

ಉತ್ತರ: ಬಣ್ಣದ ದಪ್ಪ ಅಳೆಯುವ ಮೀಟರ್ ಇರುವ ಕಡೆ ಒಯ್ದು, ಅನುಮಾನದ ಬಾಗಿಲನ್ನೂ ಅದರ ಎದುರು ಬದಿಯ ಬಾಗಿಲನ್ನೂ ಅಳೆಸಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್. ಒಂದು ಬಾಗಿಲು 110, ಇನ್ನೊಂದು 300 ತೋರಿಸಿದರೆ ಮತ್ತೆ ಬಣ್ಣ ಬಳಿದಿದ್ದಾರೆ ಎಂದೇ ಅರ್ಥ. ಬಾಗಿಲಿನ ರಬ್ಬರ್ ಬೀಡಿಂಗ್ ಸ್ವಲ್ಪ ಎತ್ತಿ ನೋಡಿ, ಮತ್ತೆ ಬಳಿದಿದ್ದರೆ ಬಣ್ಣದ ಅಂಚು ಗೆರೆಯಾಗಿ ನಿಂತಿರುತ್ತದೆ. ಹಿಂಜ್ ಬೋಲ್ಟ್ ತಲೆಯ ಮೇಲೆ ಸ್ಪ್ಯಾನರ್ ಗುರುತಿದೆಯೇ ನೋಡಿ. ಟೈರಿನ ಬದಿಯ ನಾಲ್ಕಂಕಿಯನ್ನೂ ಓದಿ: 3524 ಎಂದರೆ 2024ರ 35ನೇ ವಾರ. ನಾಲ್ಕರಲ್ಲಿ ಒಂದೇ ಟೈರ್ ಬೇರೆ ವರ್ಷದ್ದಾಗಿದ್ದರೆ ಪ್ರಶ್ನಿಸಿ.

ಇದು ತಯಾರಿಕಾ ದೋಷದ ಮಾತಲ್ಲ, ಮುಚ್ಚಿಟ್ಟು ಮಾರಿದ ಅನುಚಿತ ವ್ಯಾಪಾರ ಪದ್ಧತಿ. ದೂರು ಮುಖ್ಯವಾಗಿ ಡೀಲರ್ ಮೇಲೆ ನಿಲ್ಲುತ್ತದೆ. ಕಾರ್ಖಾನೆಯಿಂದ ಹೊರಟ ಕಾರಿಗೆ ಡೀಲರ್ ಮಾಡಿದ ಮೋಸದಲ್ಲಿ ತಯಾರಕರ ಪಾಲು ಅಥವಾ ಅರಿವು ಇತ್ತೆಂದು ತೋರಿಸದೆ ಅವರನ್ನು ಹೊಣೆ ಮಾಡಲಾಗದು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇನ್ನೂ ಕೊಳ್ಳದವರು ಈ ತಪಾಸಣೆಯನ್ನೆಲ್ಲ ನೋಂದಣಿಗೆ ಮೊದಲೇ, ಹಗಲು ಬೆಳಕಿನಲ್ಲಿ ಮಾಡಿ. ನಂಬರ್ ಬಿದ್ದ ಮೇಲೆ ಕಾರು ತಿರಸ್ಕರಿಸುವುದು ಬಹಳ ಕಷ್ಟ.

ಪ್ರಶ್ನೆ: ಕಾರು ರಿಪೇರಿಯಲ್ಲೇ ಇದೆ. ಸಾಲದ ಕಂತು ನಿಲ್ಲಿಸಬಹುದೇ?

ಉತ್ತರ: ಬೇಡ. ಬ್ಯಾಂಕಿನ ಜತೆಗಿನ ಕರಾರು ಬೇರೆ, ಕಂತು ತಪ್ಪಿದರೆ ದಂಡದ ಜತೆ ನಿಮ್ಮ ಕ್ರೆಡಿಟ್ ಸ್ಕೋರ್ ಕೂಡ ಕೆಡುತ್ತದೆ. ಕಾರು ವರ್ಕ್‌ಶಾಪ್‌ನಲ್ಲಿದ್ದ ದಿನಗಳ ಕಂತಿನ ಬಡ್ಡಿ, ಬಾಡಿಗೆ ಕಾರಿಗೆ ತೆತ್ತ ಹಣ ಇವುಗಳ ರಸೀದಿ ಇಟ್ಟು, ಪರಿಹಾರದ ಲೆಕ್ಕದಲ್ಲಿ ಸೇರಿಸಿ.