ಅಮೆರಿಕದಲ್ಲಿ ಬಡ ಕುಟುಂಬದ ಖಾಸಗಿ ವಿಮೆಗೆ ಸರ್ಕಾರ ಯಾಕೆ ದುಡ್ಡು ಕಟ್ಟುತ್ತದೆ?

ಎಷ್ಟೋ ಸಲ ಸರ್ಕಾರಕ್ಕೆ ಅದೇ ಅಗ್ಗ, ಅದಕ್ಕೆ. ಅಮೆರಿಕದಲ್ಲಿ ಕಡಿಮೆ ಆದಾಯದವರಿಗೆ ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ವಿಮೆ ಇದೆ, 1965ರಲ್ಲಿ ಬಂದದ್ದು. ಅದು ಇದ್ದೂ ಕೆಲವು ರಾಜ್ಯಗಳು ಅದೇ ಕುಟುಂಬದ ಖಾಸಗಿ ವಿಮೆಯ ಪ್ರೀಮಿಯಂ ಕಟ್ಟುವುದು ವಿಚಿತ್ರ ಅನಿಸುತ್ತದೆ, ಅಲ್ವಾ?

ಲೆಕ್ಕ ನೋಡಿ. ಒಬ್ಬ ತಾಯಿ ಕೆಲಸ ಮಾಡುವ ಕಂಪನಿಯಲ್ಲಿ ವಿಮೆ ಇದೆ. ಇಡೀ ಮನೆಯವರ ಪ್ರೀಮಿಯಂ ತಿಂಗಳಿಗೆ 1,000 ಡಾಲರ್ ಅಂದುಕೊಳ್ಳಿ. ಕಂಪನಿ 600 ಹಾಕುತ್ತದೆ, ಉಳಿದ 400 ಆಕೆಯ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಬಾಡಿಗೆ ಕಟ್ಟಿದ ಮೇಲೆ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಆಕೆ ವಿಮೆ ಬೇಡ ಅನ್ನುತ್ತಾಳೆ. ಕಂಪನಿಯ 600 ಕೂಡ ಸುಮ್ನೆ ಕೈತಪ್ಪುತ್ತದೆ. ಚಿಕಿತ್ಸೆಯ ಖರ್ಚೆಲ್ಲ ಮೆಡಿಕೇಡ್ ತಲೆಗೆ ಬೀಳುತ್ತದೆ.

ರಾಜ್ಯವೇ ಆ 400 ಕೊಟ್ಟರೆ ಆಸ್ಪತ್ರೆಯ ಬಿಲ್ ಮೊದಲು ಖಾಸಗಿ ವಿಮೆಗೆ ಹೋಗುತ್ತದೆ. ಮೆಡಿಕೇಡ್ ಉಳಿದದ್ದನ್ನಷ್ಟೇ ನೋಡಿಕೊಳ್ಳುತ್ತದೆ. ಹಾಗಂತ ಮೆಡಿಕೇಡ್ ರದ್ದಾಗುವುದಿಲ್ಲ. ಖಾಸಗಿ ವಿಮೆ ಕೊಡದ ಸೌಲಭ್ಯವನ್ನು ಅದು ತುಂಬಿಕೊಡುತ್ತದೆ. ಮಕ್ಕಳಿರುವ ಮನೆಗೆ ಇದೇ ದೊಡ್ಡ ಧೈರ್ಯ ಅಂತ ನನ್ನ ಭಾವನೆ.

ರಾಜ್ಯ ಮೊದಲು ಲೆಕ್ಕ ಹಾಕುತ್ತದೆ, ಸಾಮಾನ್ಯವಾಗಿ ಉಳಿತಾಯ ಕಂಡರೆ ಮಾತ್ರ ಒಪ್ಪುತ್ತದೆ. ಕಂಪನಿಯ ವಿಮೆಗೆ ಹೆಸರು ಸೇರಿಸುವ ಅವಧಿ ಮುಗಿದುಹೋಗಿದ್ದರೂ ಚಿಂತೆ ಬೇಡ. ಈ ನೆರವಿಗೆ ಅರ್ಹರೆಂದು ತೀರ್ಮಾನವಾದ 60 ದಿನದೊಳಗೆ ಕೇಳಿದರೆ ಸೇರಿಸಿಕೊಳ್ಳಲೇಬೇಕು. 2009ರ ಕಾನೂನು ಆ ಹಕ್ಕು ಕೊಟ್ಟಿದೆ.