ಬಿಗ್ ಎಂಡಿಯನ್ ಸಿಪಿಯು ಸೇರಿಸುವಾಗ ಬೈಟ್ ತಿರುಗಿಸುವುದು ಎಲ್ಲಿ?

ಪ್ರಶ್ನೆ: ಸಿ ಭಾಷೆಯಲ್ಲಿ ಒಂದು ಚಿಕ್ಕ ಮಿಪ್ಸ್ ಎಮ್ಯುಲೇಟರ್ (ಮಿಪ್ಸ್ ಅನ್ನುವ ಸಿಪಿಯುವನ್ನು ಅನುಕರಿಸುವ ಪ್ರೋಗ್ರಾಮ್) ಬರೆದಿದ್ದೇನೆ. ಲಿಟಲ್ ಎಂಡಿಯನ್ (ಸಂಖ್ಯೆಯ ಚಿಕ್ಕ ಬೆಲೆಯ ಬೈಟ್ ಮೊದಲು ಇಡುವ) ಪ್ರೋಗ್ರಾಮ್‌ಗಳು ಚೆನ್ನಾಗಿ ಓಡುತ್ತವೆ. ಈಗ ಬಿಗ್ ಎಂಡಿಯನ್ (ದೊಡ್ಡ ಬೆಲೆಯ ಬೈಟ್ ಮೊದಲು ಇಡುವ) ಮಿಪ್ಸ್ ಕೂಡ ಬೇಕು. ಫೈಲ್ ಲೋಡ್ ಆದ ಕೂಡಲೇ ಇಡೀ ಮೆಮೊರಿಯನ್ನು ನಾಲ್ಕು ನಾಲ್ಕು ಬೈಟ್‌ನಂತೆ ತಿರುಗಿಸಿದೆ. ಇನ್‌ಸ್ಟ್ರಕ್ಷನ್‌ಗಳು ಓಡುತ್ತವೆ, ಆದರೆ ಅಕ್ಷರಗಳು ಹಿಂದುಮುಂದಾಗುತ್ತವೆ, ಸೀರಿಯಲ್ ಪೋರ್ಟ್‌ನಲ್ಲಿ ಏನೂ ಬರುವುದಿಲ್ಲ.
(ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಇಡೀ ಮೆಮೊರಿ ತಿರುಗಿಸುವ ಕೋಡ್ ಇದೆಯಲ್ಲ, ಅದನ್ನು ಮೊದಲು ಅಳಿಸಿಬಿಡಿ. ಮೆಮೊರಿಯಲ್ಲಿರುವುದು ಬರೀ ಬೈಟ್‌ಗಳು. ಅವು ಸಂಖ್ಯೆಯೋ ಅಕ್ಷರವೋ ಅನ್ನುವುದು ಲೋಡ್ ಮಾಡುವಾಗ ನಿಮಗೆ ಗೊತ್ತಿರುವುದಿಲ್ಲ. ನಾಲ್ಕು ಬೈಟ್ ತಿರುಗಿಸಿದರೆ ಸಂಖ್ಯೆ ಸರಿಹೋಗುತ್ತದೆ, ಆದರೆ ಪಕ್ಕದಲ್ಲೇ ಇದ್ದ ‘ಎಬಿಸಿಡಿ’ ಅನ್ನುವ ನಾಲ್ಕು ಅಕ್ಷರ ‘ಡಿಸಿಬಿಎ’ ಆಗುತ್ತದೆ.

ಮೆಮೊರಿ ಫೈಲ್‌ನಲ್ಲಿ ಇದ್ದ ಹಾಗೇ ಇರಲಿ. ರಿಜಿಸ್ಟರ್‌ಗಳನ್ನು (ಸಿಪಿಯು ಒಳಗೆ ಸಂಖ್ಯೆ ಇಡುವ ಪುಟ್ಟ ಜಾಗಗಳು) ನಿಮ್ಮ ಲ್ಯಾಪ್‌ಟಾಪಿನ ಮಾಮೂಲಿ ಸಂಖ್ಯೆಗಳಾಗಿಯೇ ಇಡಿ. ಬೈಟ್ ತಿರುಗಬೇಕಾದ್ದು ಇವೆರಡರ ನಡುವೆ, ಲೋಡ್ ಮತ್ತು ಸ್ಟೋರ್ ಫಂಕ್ಷನ್‌ನಲ್ಲಿ ಮಾತ್ರ, ಅದೂ ಕೇಳಿದ ಅಳತೆಗೆ ತಕ್ಕಂತೆ. ಹೆಕ್ಸ್‌ನಲ್ಲಿ 12345678 ಅನ್ನುವ ಸಂಖ್ಯೆ ಬಿಗ್ ಎಂಡಿಯನ್ ಮೆಮೊರಿಯಲ್ಲಿ 12, 34, 56, 78 ಅಂತಲೇ ಕೂರುತ್ತದೆ, ಲಿಟಲ್ ಎಂಡಿಯನ್ ಲ್ಯಾಪ್‌ಟಾಪಿನಲ್ಲಿ 78, 56, 34, 12 ಅಂತ. 32 ಬಿಟ್ ಓದಿದರೆ ನಾಲ್ಕನ್ನೂ ತಿರುಗಿಸಿ, 16 ಬಿಟ್ ಓದಿದರೆ ಎರಡನ್ನು, ಒಂದೇ ಬೈಟ್ ಆದರೆ ಸುಮ್ನೆ ಬಿಟ್ಟುಬಿಡಿ. ಇನ್‌ಸ್ಟ್ರಕ್ಷನ್ ಓದುವುದೂ ಇದೇ ದಾರಿಯಲ್ಲಿ ಹೋಗಲಿ. ನಿಧಾನ ಆಗಬಹುದು ಅನ್ನುವ ಭಯ ಬೇಡ, ಇಂಟೆಲ್ ಪ್ರೊಸೆಸರ್‌ಗಳಲ್ಲಿ 486ರ ಕಾಲದಿಂದಲೂ ಇದಕ್ಕೆ ಬಿಸ್ವಾಪ್ ಅನ್ನುವ ಒಂದೇ ಇನ್‌ಸ್ಟ್ರಕ್ಷನ್ ಇದೆ.

ನೀವು ಮಾಡಿದ ಥರ ಮೆಮೊರಿ ತಿರುಗಿಸಿ ಇಡುವವರೂ ಇದ್ದಾರೆ. ನಿಂಟೆಂಡೊ 64 ಎಮ್ಯುಲೇಟರ್‌ಗಳಲ್ಲಿ ಇದು ಹಳೆಯ ಉಪಾಯ, ಅದರ ಸಿಪಿಯು ಕೂಡ ಬಿಗ್ ಎಂಡಿಯನ್ ಮಿಪ್ಸ್. ಆದರೆ ಆಗ ಪ್ರತಿ ಬೈಟ್ ಓದುವಾಗ ವಿಳಾಸವನ್ನು 3ರ ಜೊತೆ ಎಕ್ಸಾರ್ (ಬಿಟ್‌ಗಳು ಬೇರೆಯಾದಲ್ಲಿ 1 ಇಡುವ ಲೆಕ್ಕ) ಮಾಡಬೇಕು, 16 ಬಿಟ್‌ಗೆ 2ರ ಜೊತೆ. ಡಿಸ್ಕ್, ಡಿಎಂಎ (ಡಿವೈಸ್ ತಾನೇ ನೇರವಾಗಿ ಮೆಮೊರಿ ಓದಿ ಬರೆಯುವುದು) ಎಲ್ಲದರಲ್ಲೂ ಇದನ್ನು ನೆನಪಿಡಬೇಕು. ಹೊಸದಾಗಿ ಬರೆಯುವವರಿಗೆ ನಾನು ಖಂಡಿತ ಹೇಳುವುದಿಲ್ಲ.

ಮಿಪ್ಸ್‌ನಲ್ಲಿ ಜಾಸ್ತಿ ಜನ ಎಡವುವುದು ಎಲ್‌ಡಬ್ಲ್ಯುಎಲ್, ಎಲ್‌ಡಬ್ಲ್ಯುಆರ್ ಅನ್ನುವ ಇನ್‌ಸ್ಟ್ರಕ್ಷನ್‌ಗಳ ಹತ್ತಿರ. ನಾಲ್ಕರ ಗಡಿಗೆ ಕೂರದ ವಿಳಾಸದಿಂದ ಓದಲು ಇರುವ ಜೋಡಿ ಇದು. ಬಿಗ್ ಎಂಡಿಯನ್‌ನಲ್ಲಿ ಮೊದಲನೆಯದಕ್ಕೆ ಆಫ್‌ಸೆಟ್ (ಶುರುವಿನಿಂದ ಎಷ್ಟು ಬೈಟ್ ದೂರ) 0, ಎರಡನೆಯದಕ್ಕೆ 3. ಲಿಟಲ್‌ನಲ್ಲಿ ಪೂರಾ ಉಲ್ಟಾ. ಇವುಗಳ ಒಳಗಿನ ಶಿಫ್ಟ್ ಲೆಕ್ಕವನ್ನು ಬೇರೆಯಾಗಿಯೇ ಬರೆಯಬೇಕು, ಲೋಡ್ ಫಂಕ್ಷನ್ ಬದಲಾಯಿಸಿದರೆ ಸಾಲದು. ಸ್ಟೋರ್ ಜೋಡಿಯದೂ ಇದೇ ಕಥೆ.

ಇನ್ನು ಸೀರಿಯಲ್ ಪೋರ್ಟ್. ನಿಮ್ಮದು 16550 ಥರದ ಚಿಪ್ ಆಗಿದ್ದು, ರಿಜಿಸ್ಟರ್‌ಗಳು ನಾಲ್ಕು ನಾಲ್ಕು ಬೈಟ್ ದೂರದಲ್ಲಿದ್ದರೆ, ಬಿಗ್ ಎಂಡಿಯನ್ ಬೋರ್ಡ್‌ನಲ್ಲಿ ಬೇಕಾದ ಬೈಟ್ ಹಲವು ಸಲ ಆಫ್‌ಸೆಟ್ 3ರಲ್ಲಿ ಇರುತ್ತದೆ. ಪ್ರೋಗ್ರಾಮ್ ಅಲ್ಲಿಗೆ ಬರೆಯುತ್ತಿದೆ, ನಿಮ್ಮ ಕೋಡ್ 0ಯಲ್ಲಿ ಕಾಯುತ್ತಿದೆ, ಅಲ್ವಾ? ಬೋರ್ಡ್‌ನ ಮ್ಯಾನ್ಯುಯಲ್ ನೋಡಿ. ಸಿಪಿಯು ಬಿಗ್ ಆದ ಮಾತ್ರಕ್ಕೆ ಡಿವೈಸ್ ಕೂಡ ಬಿಗ್ ಆಗುವುದಿಲ್ಲ, ಪಿಸಿಐ (ಕಾರ್ಡ್‌ಗಳನ್ನು ಜೋಡಿಸುವ ಬಸ್) ಎಲ್ಲೇ ಇದ್ದರೂ ಲಿಟಲ್ ಎಂಡಿಯನ್ನೇ. ಅದಕ್ಕೇ ಕ್ಯೂಎಮು ಅನ್ನುವ ಎಮ್ಯುಲೇಟರ್‌ನಲ್ಲಿ ಪ್ರತಿ ಡಿವೈಸ್‌ನ ಮೆಮೊರಿ ಭಾಗಕ್ಕೂ ಅದರದೇ ಎಂಡಿಯನ್ ಬರೆದಿಡುತ್ತಾರೆ, ನೀವೂ ಹಾಗೇ ಮಾಡಿ.

ಎಲ್ಫ್ (ಕಂಪೈಲ್ ಆದ ಪ್ರೋಗ್ರಾಮ್ ಇಡುವ ಮಾದರಿ) ಫೈಲ್‌ನಲ್ಲಿ ಆಫ್‌ಸೆಟ್ 5ರ ಬೈಟ್ 1 ಇದ್ದರೆ ಲಿಟಲ್, 2 ಇದ್ದರೆ ಬಿಗ್. ಹೆಡರ್‌ನ ಉಳಿದ ಸಂಖ್ಯೆಗಳನ್ನೂ ಅದರಂತೆಯೇ ಓದಿ. ಆಮೇಲೆ ಒಂದೇ ಸಿ ಪ್ರೋಗ್ರಾಮನ್ನು ಎರಡೂ ಥರ ಕಂಪೈಲ್ ಮಾಡಿ, ಕ್ಯೂಎಮು ಮಿಪ್ಸ್ (ಬಿಗ್) ಮತ್ತು ಮಿಪ್ಸೆಲ್ (ಲಿಟಲ್) ಕೊಡುವ ಔಟ್‌ಪುಟ್ ಜೊತೆ ನಿಮ್ಮದನ್ನು ಹೋಲಿಸಿ ನೋಡಿ.