ಫೋನ್ ರಿಪೇರಿಗೆ ಹೋದ ವಾರ

ಮನಸ್ಸಿನ ತೊಂದರೆಗಳಿಗೆ ಸಲಹೆ ಕೊಡುವುದು ನನ್ನ ಕೆಲಸ. ಸುಮಾ ಅವರನ್ನು ನನ್ನ ಹತ್ತಿರ ಕರೆತಂದವರು ಅವರ ಗಂಡ. (ಹೆಸರು, ಊರು, ಕೆಲಸ ಎಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.) ಕೂತ ತಕ್ಷಣ ಗಂಡನೇ ಮಾತು ಶುರು ಮಾಡಿದರು. "ಮೇಡಂ, ಇವಳಿಗೆ ಮೊಬೈಲ್ ಚಟ ಹತ್ತಿದೆ. ಒಂದು ವಾರ ಫೋನ್ ಇಲ್ಲದ್ದಕ್ಕೆ ಊಟ ನಿದ್ದೆ ಎಲ್ಲ ಬಿಟ್ಲು."

ಸುಮಾ ಅವರಿಗೆ 43 ವರ್ಷ. ದಾವಣಗೆರೆಯ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ಬಟ್ಟೆ ನೆನೆಹಾಕುವಾಗ ಫೋನ್ ಬಕೆಟ್ಟಿಗೆ ಬಿತ್ತು. ಬಿಡಿಭಾಗ ಬರಲು ಒಂದು ವಾರ ಬೇಕು ಅಂದ ಅಂಗಡಿಯವನು. ಮೊದಲ ದಿನ ಸಹೋದ್ಯೋಗಿಗಳ ಫೋನ್ ಬೇಡಿ ಶಿರಸಿ ಹತ್ತಿರದ ತವರಿಗೆ ಕರೆ ಮಾಡಿದರು. ಮೂರನೇ ದಿನ ಎದೆ ಡವಡವ ಅಂತ ಹೊಡೆದುಕೊಂಡು, ಕೈ ನಡುಗಿ, ಮಧ್ಯಾಹ್ನವೇ ಮನೆಗೆ ಬಂದರು. ರಾತ್ರಿ ಎಲ್ಲೋ ರಿಂಗ್ ಆದ ಹಾಗೆ ಕೇಳಿಸಿ ಎದ್ದು ಕೂರುತ್ತಿದ್ದರು. ಬೇರೆ ತೊಂದರೆಗಳೂ ಇದ್ದವು. ಯುಪಿಐ ಇಲ್ಲ, ಬ್ಯಾಂಕಿನ ಒಟಿಪಿ ಬರುವುದಿಲ್ಲ. ಅದನ್ನೆಲ್ಲ ಅವರು ನಿಭಾಯಿಸಿದ್ದರು. ಎಟಿಎಮ್‌ನಿಂದ ಹಣ ತಂದು ಇಟ್ಟುಕೊಂಡಿದ್ದರು. ಕುಸಿದದ್ದು ಬೇರೆ ಕಡೆ.

ಅವರು ಬರುವ ಹೊತ್ತಿಗೆ ಫೋನ್ ರಿಪೇರಿಯಾಗಿ ಕೈಗೆ ಸಿಕ್ಕಿತ್ತು. ಗಂಡನನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿ, ಫೋನ್ ಬಳಕೆಯ ಲೆಕ್ಕ ತೋರಿಸುವ ಸೆಟ್ಟಿಂಗ್ ತೆಗೆಸಿದೆ. ಅದರಲ್ಲಿ ಎರಡು ವಿಷಯ ನೋಡಬೇಕು. ಎಷ್ಟು ಹೊತ್ತು ಬಳಸಿದರು ಎನ್ನುವುದು ಒಂದು, ಎಷ್ಟು ಸಲ ಲಾಕ್ ತೆಗೆದರು ಎನ್ನುವುದು ಇನ್ನೊಂದು. ಸುಮಾ ಅವರ ಹೊತ್ತು ತೀರಾ ಕಡಿಮೆ. ಲಾಕ್ ತೆಗೆದ ಸಂಖ್ಯೆ ಮಾತ್ರ ವಿಪರೀತ. ರೀಲ್ಸ್ ನೋಡುವುದಿಲ್ಲ, ಆಟ ಆಡುವುದಿಲ್ಲ. ತೆಗೆಯುತ್ತಾರೆ, ಮಿಸ್ಡ್ ಕಾಲ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ, ಮುಚ್ಚುತ್ತಾರೆ. ಸ್ನಾನಕ್ಕೆ ಹೋದಾಗಲೂ ಫೋನ್ ಬಚ್ಚಲಿನ ಕಿಟಕಿ ಮೇಲೆ ಇರಬೇಕು.

"ಯಾವಾಗಿನಿಂದ ಹೀಗೆ?" ಅಂತ ಕೇಳಿದೆ. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದೇ ಉಸಿರಿಗೆ ಹೇಳಿದರು.

ಎರಡು ವರ್ಷದ ಹಿಂದೆ, ಆಷಾಢದ ಮಳೆಯಲ್ಲಿ, ರಾತ್ರಿ ಅಮ್ಮನಿಗೆ ಎದೆನೋವು ಬಂತು. ತೋಟದ ಮನೆಯಲ್ಲಿ ಇದ್ದವರು ಅಪ್ಪಯ್ಯ, ಅಮ್ಮ ಇಬ್ಬರೇ. ಅಪ್ಪಯ್ಯ ಮಗಳಿಗೆ ಫೋನ್ ಮಾಡಿದರು. ಮಗಳ ಫೋನ್ ಸೈಲೆಂಟ್‌ನಲ್ಲಿ, ಹಾಲ್‌ನಲ್ಲಿ ಚಾರ್ಜಿಗೆ ಹಾಕಿತ್ತು. ಬೆಳಗ್ಗೆ ಎದ್ದು ನೋಡಿದಾಗ ಹನ್ನೊಂದು ಮಿಸ್ಡ್ ಕಾಲ್. ಅಷ್ಟರಲ್ಲಿ ಅಮ್ಮ ಆಸ್ಪತ್ರೆಯ ದಾರಿಯಲ್ಲೇ ಹೋಗಿಬಿಟ್ಟಿದ್ದರು.

"ನೀನು ಎತ್ತಿದ್ದರೂ ಏನೂ ಆಗ್ತಿರಲಿಲ್ಲ" ಅಂತ ನೆಂಟರೆಲ್ಲ ಹೇಳಿದ್ದರಂತೆ. ಅದು ನಿಜವೂ ಹೌದು. ದಾವಣಗೆರೆಯಿಂದ ಗಂಟೆಗಟ್ಟಲೆ ದಾರಿ. ಆದರೆ ಅವರನ್ನು ಕಾಡುತ್ತಿದ್ದದ್ದು ಅದಲ್ಲ. "ಅಪ್ಪಯ್ಯ ಆ ಕತ್ತಲಲ್ಲಿ ಒಬ್ಬರೇ ನಿಂತು ಫೋನ್ ಮಾಡ್ತಾನೇ ಇದ್ರು ಮೇಡಂ" ಅಂದರು. ಈ ಮಾತನ್ನು ಅವರು ಗಂಡನ ಹತ್ತಿರವೂ ಆಡಿರಲಿಲ್ಲ.

ಇದನ್ನು ಚಟ ಅಂತ ಕರೆದರೆ ಪರಿಹಾರದ ದಾರಿಯೇ ತಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಕಾಯಿಲೆಗೆ ಜಾಗ ಇದೆ. ಮೊಬೈಲ್ ಚಟ ಎನ್ನುವ ಹೆಸರಿನ ಕಾಯಿಲೆ ಅದರಲ್ಲಿ ಇಲ್ಲ. ಆಟ, ರೀಲ್ಸ್ ಬಿಡಲಾಗದೆ ಓದು, ನಿದ್ದೆ ಕೆಡಿಸಿಕೊಂಡವರಿಗೆ ಸಹಾಯ ಬೇಕೇ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಅದಕ್ಕೇ ಒಂದು ಕ್ಲಿನಿಕ್ ಇದೆ. ಆದರೆ ಸುಮಾ ಅವರ ಕೈ ಫೋನಿಗೆ ಹೋಗುತ್ತಿದ್ದದ್ದು ಖುಷಿಗಲ್ಲ, ಭಯಕ್ಕೆ. ಅವರಿಗೆ "ಒಂದು ತಿಂಗಳು ಫೋನ್ ಬಿಡಿ" ಅನ್ನುವುದು ಹಿಂಸೆ ಕೊಟ್ಟ ಹಾಗೆ.

ಮೊದಲು ಡಾಕ್ಟರ ಹತ್ತಿರ ಕಳಿಸಿದೆ. ಎದೆ ಡವಡವ, ನಡುಕ, ನಿದ್ದೆಗೇಡು ಥೈರಾಯ್ಡ್‌ನಿಂದಲೂ ಬರಬಹುದು, ರಕ್ತಹೀನತೆಯಿಂದಲೂ ಎದೆ ಹಾಗೆ ಹೊಡೆದುಕೊಳ್ಳಬಹುದು. ಈ ವಯಸ್ಸಿನ ಹೆಂಗಸರಲ್ಲಿ ಎಲ್ಲವನ್ನೂ ಟೆನ್ಷನ್ ಅಂತ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಪರೀಕ್ಷೆಗಳಲ್ಲಿ ತೊಂದರೆ ಕಾಣಲಿಲ್ಲ.

ಎರಡನೆಯದು, ಭಯಕ್ಕೆ ಕಾರಣವಾದ ವಿಷಯಕ್ಕೆ ನಿಜವಾದ ಏರ್ಪಾಡು. ಮಲೆನಾಡಿನಲ್ಲಿ ಮಳೆ ಜೋರಾದರೆ ಕರೆಂಟ್ ಹೋಗುತ್ತದೆ, ಟವರಿನ ಬ್ಯಾಟರಿ ಮುಗಿದರೆ ನೆಟ್‌ವರ್ಕೂ ಹೋಗುತ್ತದೆ. ಸುಮಾ ಅವರ ಫೋನ್ ಎಷ್ಟೇ ಎಚ್ಚರವಾಗಿದ್ದರೂ ಆಗ ಪ್ರಯೋಜನ ಇಲ್ಲ. ಅಪ್ಪಯ್ಯನಿಗೆ ಹತ್ತಿರದಲ್ಲೇ ಕೂಗಿದರೆ ಓಡಿಬರುವವರು ಯಾರು? ಪಕ್ಕದ ಮನೆಯವರು, ಊರಿನ ಆಶಾ ಕಾರ್ಯಕರ್ತೆ, ಜೀಪ್ ಇರುವವರು, ಆಂಬುಲೆನ್ಸಿಗೆ 108. ಇಷ್ಟನ್ನೂ ದಪ್ಪ ಅಕ್ಷರದಲ್ಲಿ ಬರೆದು ಅಪ್ಪಯ್ಯನ ಗೋಡೆಗೆ ಅಂಟಿಸಿ, ಒಂದು ಪ್ರತಿ ನಿಮ್ಮ ಪರ್ಸಿನಲ್ಲೂ ಇಡಿ ಅಂದೆ. ಅವರು ಶನಿವಾರ ಶಿರಸಿಗೆ ಹೋಗಿ ಮಾಡಿ ಬಂದರು.

ಮೂರನೆಯದು ಅಭ್ಯಾಸ. ಪ್ರತಿ ಸಲ ಫೋನ್ ನೋಡಿದಾಗ "ಸದ್ಯ, ಏನೂ ಇಲ್ಲ" ಅಂತ ಒಂದು ನಿರಾಳ ಸಿಗುತ್ತದೆ. ಆ ನಿರಾಳವೇ ಮತ್ತೆ ನೋಡು ಅಂತ ಕಲಿಸುತ್ತದೆ. ಹಾಗಾಗಿ ಸಂಜೆ ಹದಿನೈದು ನಿಮಿಷ, ರಿಂಗ್ ಜೋರಾಗಿ ಇಟ್ಟು, ಫೋನನ್ನು ಬೇರೆ ಕೋಣೆಯಲ್ಲಿ ಬಿಡಲು ಹೇಳಿದೆ. ಕರೆ ಬಂದರೆ ಎತ್ತಬಹುದು, ಸುಮ್ನೆ ಹೋಗಿ ನೋಡುವ ಹಾಗಿಲ್ಲ. ಆ ಹೊತ್ತಿನಲ್ಲಿ ಗಾಬರಿಗೆ ಹತ್ತರಲ್ಲಿ ಎಷ್ಟು ಅಂಕ ಅಂತ ಬರೆದುಕೊಳ್ಳಬೇಕು. ಗಾಬರಿ ಏರುತ್ತದೆ, ಏನೂ ಮಾಡದೆ ಬಿಟ್ಟರೆ ತಾನೇ ಇಳಿಯುತ್ತದೆ. ಇದನ್ನು ನಾನು ಹೇಳಿದರೆ ಸಾಲದು, ಅವರೇ ಅನುಭವಿಸಿ ನೋಡಬೇಕು. ಮೊದಮೊದಲು ಎಂಟು, ಒಂಬತ್ತು ಬರೆದರು. ಮೂರನೇ ವಾರಕ್ಕೆ ನಾಲ್ಕಕ್ಕೆ ಬಂತು. ಆಮೇಲೆ ಅರ್ಧ ಗಂಟೆ, ಒಂದು ಗಂಟೆ. ಹೋದ ತಿಂಗಳು ಫೋನ್ ಮನೆಯಲ್ಲೇ ಬಿಟ್ಟು ಗಂಡನ ಜೊತೆ ಸಂತೆಗೆ ಹೋಗಿಬಂದರು.

ಇವೆಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಒಂದು ಮಾತುಕತೆ. ಆ ರಾತ್ರಿಯ ಬಗ್ಗೆ ಅಪ್ಪಯ್ಯನನ್ನೇ ಕೇಳಿ ಅಂದಿದ್ದೆ. ಎರಡು ವರ್ಷ ಇಬ್ಬರೂ ಆ ಸುದ್ದಿ ಎತ್ತಿರಲಿಲ್ಲ. ಅಪ್ಪಯ್ಯ ಹೇಳಿದರಂತೆ: "ನೀನು ಎತ್ತಲಿಲ್ಲ ಅಂತ ನನಗೆ ಒಂದು ದಿನವೂ ಅನಿಸಿಲ್ಲ ಮಗಾ. ಏನು ಮಾಡೋದು ತೋಚದೆ ಅದನ್ನೇ ಒತ್ತುತ್ತಾ ಇದ್ದೆ. ಪಕ್ಕದ ಮನೆಯವರು ಆಗಲೇ ಬಂದಿದ್ರು." ಅಪ್ಪಯ್ಯ ಒಬ್ಬರೇ ಇರಲಿಲ್ಲ ಎನ್ನುವುದು ಸುಮಾ ಅವರಿಗೆ ಗೊತ್ತಾಗಿದ್ದು ಆಗಲೇ.

ಗಂಡನಿಗೂ ಒಂದು ಕೆಲಸ ಕೊಟ್ಟೆ. ಚಟ ಎನ್ನುವ ಪದ ಬಿಡಬೇಕು, ಸಂಜೆಯ ಆ ಹೊತ್ತು ಜೊತೆಗೆ ಕೂರಬೇಕು. ಅವರು ಮನಸ್ಸಿಟ್ಟು ಮಾಡುತ್ತಿದ್ದಾರೆ.

ನಿಮ್ಮ ಮನೆಯಲ್ಲೂ ಯಾರಾದರೂ ಫೋನ್ ಕೈಬಿಡಲಾಗದೆ ಒದ್ದಾಡುತ್ತಿದ್ದರೆ, ಕಿತ್ತುಕೊಳ್ಳುವ ಮೊದಲು ಅದರಲ್ಲಿ ಏನು ನೋಡುತ್ತಾರೆ, ಯಾವಾಗಿನಿಂದ ಅಂತ ಪ್ರೀತಿಯಿಂದ ಕೇಳಿ. ಉತ್ತರ ಕೇಳಿ ದಿಕ್ಕು ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಸುಮಾ ರಾತ್ರಿ ಈಗಲೂ ಫೋನನ್ನು ದಿಂಬಿನ ಪಕ್ಕ ಇಟ್ಟುಕೊಳ್ಳುತ್ತಾರೆ. ಅದನ್ನು ಬಿಡಿ ಅಂತ ನಾನು ಹೇಳಿಲ್ಲ. ವಯಸ್ಸಾದ ತಂದೆ ದೂರದಲ್ಲಿ ಒಬ್ಬರೇ ಇರುವಾಗ ಅದು ನ್ಯಾಯವಾದ ಎಚ್ಚರ. ಆದರೆ ಅಪ್ಪಯ್ಯನ ಕರೆ ಎತ್ತುವ ಜವಾಬ್ದಾರಿ ಪೂರ್ತಿ ಇವರೊಬ್ಬರ ಮೇಲೇ ಯಾಕೆ ಇರಬೇಕು? ಬೆಂಗಳೂರಿನಲ್ಲಿರುವ ತಮ್ಮನನ್ನೂ ಮಳೆಗಾಲಕ್ಕೆ ಮೊದಲು ಕರೆದುಕೊಂಡು ಬನ್ನಿ ಅಂದಿದ್ದೇನೆ. ಆ ಮಾತು ಇನ್ನೂ ಬಾಕಿ ಇದೆ.